ಹಳೆಯ ಮೋಟಾರಿನ ತಡವರಿಕೆ: ಕಾರಣ ಮತ್ತು ನಿದಾನ

ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಓಡಾಡಿದ ಕಾಲವು 2023ರ ಅಕ್ಟೋಬರ್ ತಿಂಗಳೊಡನೆ ಮುಗಿಯಿತು. ಆ ಜಾತಿಯ ಕಟ್ಟಕಡೆಯ ಟ್ಯಾಕ್ಸಿಯು 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ನಗರದ ಟ್ಯಾಕ್ಸಿಗಳಿಗೆ ವಿಧಿಸಿದ್ದ 20 ವರ್ಷಗಳ ಮಿತಿಯು ಅದಕ್ಕೂ ತುಂಬಿತು. ಬಾಡಿಗೆಯ ಬಂಡಿಗಳು ಹೋದವು. ಆದರೆ ಮನೆಮನೆಯ ಅಂಗಳದಲ್ಲಿ, ಹಳೆಯ ಕಟ್ಟಡಗಳ ಕಾಂಪೌಂಡಿನಲ್ಲಿ, ಬಟ್ಟೆಯ ಹೊದಿಕೆಯ ಕೆಳಗೆ ಇನ್ನೂ ಕೆಲವು ಪದ್ಮಿನಿಗಳು ಉಳಿದಿವೆ. ತಂದೆಯವರು ಕೊಂಡದ್ದೆಂಬ ಅಭಿಮಾನದಿಂದಲೋ, ಹಳೆಯ ಯಂತ್ರದ ಮೇಲಣ ಪ್ರೀತಿಯಿಂದಲೋ ಅವುಗಳನ್ನು ಕಾಪಾಡಿಕೊಂಡು ಬಂದವರಿದ್ದಾರೆ. ಇಂಥವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ತೊಂದರೆಯೆಂದರೆ ಎಂಜಿನಿನ ತಡವರಿಕೆ.

ಬಂಡಿಯು ಸಲೀಸಾಗಿ ಹೊರಡುತ್ತದೆ. ನಿಂತಲ್ಲಿ ಎಂಜಿನು ಶಾಂತವಾಗಿ ಓಡುತ್ತದೆ. ಮುಂದಿನ ಲಾರಿಯನ್ನು ದಾಟಲೆಂದು ಪೆಡಲನ್ನು ಒತ್ತಿದ ಕೂಡಲೆ ಒಂದು ಕ್ಷಣ ಅದು ಏನನ್ನೋ ಮರೆತಂತೆ ಸುಮ್ಮನಾಗುತ್ತದೆ, ಒಮ್ಮೆ ಕೆಮ್ಮುತ್ತದೆ, ಆಮೇಲೆ ಧಡಕ್ಕನೆ ಮುಂದಕ್ಕೆ ನುಗ್ಗುತ್ತದೆ. ಗ್ಯಾರೇಜಿನವರು ಇದನ್ನು ‘ಪಿಕಪ್ ಇಲ್ಲ’ ಎಂದೋ ‘ಮಿಸ್ಸಿಂಗ್’ ಎಂದೋ ಕರೆಯುತ್ತಾರೆ. ಆ ಒಂದು ಕ್ಷಣವು ಅಲ್ಪವಾದದ್ದಲ್ಲ. ಎದುರಿನಿಂದ ಬಸ್ಸು ಬರುತ್ತಿರುವಾಗ ಅರ್ಧ ದಾಟಿದ ಬಂಡಿಯು ತಡವರಿಸಿದರೆ ಪ್ರಾಣಕ್ಕೇ ಸಂಚಕಾರ. ಇನ್ನೊಂದು ಬಗೆಯ ನಷ್ಟವೂ ಉಂಟು. ಕಾರಣವನ್ನು ವಿಚಾರಿಸದೆ ಈ ತಿಂಗಳು ಕಾರ್ಬುರೇಟರು, ಮುಂದಿನ ತಿಂಗಳು ಕಾಯಿಲು, ಅದರ ಮುಂದಿನ ತಿಂಗಳು ಪಂಪು ಎಂದು ಬದಲಿಸುತ್ತ ಹೋಗಿ, ಹಣವೂ ತಾಳ್ಮೆಯೂ ಮುಗಿದ ಮೇಲೆ ಗಟ್ಟಿಯಾದ ಬಂಡಿಯನ್ನು ಗುಜರಿಗೆ ಕೊಟ್ಟುಬಿಡುವುದುಂಟು. ರೋಗದಿಂದಲ್ಲದೆ ತಪ್ಪು ನಿದಾನದಿಂದ ಸತ್ತ ಮೋಟಾರುಗಳ ಸಂಖ್ಯೆ ಕಡಿಮೆಯೇನಲ್ಲ.

ಈ ಬಂಡಿಯ ಕುಲವೃತ್ತಾಂತವನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. 1930ರ ದಶಕದ ನಡುವಿನಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿಯಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿ ಅದಕ್ಕಾಗಿ ಬಹುವಾಗಿ ಶ್ರಮಿಸಿದರು. ಆ ಪ್ರಯತ್ನದಲ್ಲಿ ಆಸಕ್ತಿ ವಹಿಸಿದ ಉದ್ಯಮಿಗಳಲ್ಲಿ ವಾಲಚಂದ ಹೀರಾಚಂದರು ಪ್ರಮುಖರು. ಅಂದಿನ ಸರಕಾರದ ಬೆಂಬಲವಿಲ್ಲದೆ ಯೋಜನೆಯು ಕೂಡಲೇ ಕೈಗೂಡಲಿಲ್ಲವಾದರೂ, 1944ರಲ್ಲಿ ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಸ್ಥಾಪಿತವಾಗಿ ಕುರ್ಲಾದಲ್ಲಿ ಕಾರ್ಖಾನೆ ತೆರೆಯಿತು. ಇಟಲಿಯ ಫಿಯಟ್ ಕಂಪನಿಯ 1100 ಡಿ ಮಾದರಿಯು 1964ರಿಂದ ಅಲ್ಲಿ ತಯಾರಾಗತೊಡಗಿ, 1970ರ ದಶಕದ ನಡುವಿನಿಂದ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರನ್ನು ಪಡೆಯಿತು. ಶತಮಾನದ ಕೊನೆಯವರೆಗೂ ಅದರ ಎಂಜಿನು ಮೂಲದಲ್ಲಿ ಒಂದೇ: ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರು ಗಾತ್ರ, ಒಂದು ಕಾರ್ಬುರೇಟರು, ಪಾಯಿಂಟುಗಳುಳ್ಳ ಡಿಸ್ಟ್ರಿಬ್ಯೂಟರು. ಇದರಲ್ಲಿ ಕಣ್ಣಿಗೆ ಕಾಣದ ಗಣಕಯಂತ್ರವಿಲ್ಲ. ಬುದ್ಧಿಗೆ ಎಟುಕದ ಭಾಗವೂ ಇಲ್ಲ. ಆದಕಾರಣ ತಡವರಿಕೆಯ ನಿದಾನವನ್ನು ಅಭ್ಯಸಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ವೈದ್ಯಶಾಸ್ತ್ರದ ಒಂದು ಕ್ರಮ

ಆಯುರ್ವೇದದಲ್ಲಿ ರೋಗವನ್ನು ಅರಿಯುವುದಕ್ಕೆ ಐದು ಸಾಧನಗಳನ್ನು ಹೇಳಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ನಿದಾನವೆಂದರೆ ಮೂಲಕಾರಣ, ಪೂರ್ವರೂಪವೆಂದರೆ ರೋಗವು ಕಾಣಿಸಿಕೊಳ್ಳುವ ಮುಂಚಿನ ಸೂಚನೆ, ರೂಪವೆಂದರೆ ಪ್ರಕಟವಾದ ಲಕ್ಷಣ, ಸಂಪ್ರಾಪ್ತಿಯೆಂದರೆ ದೋಷವು ದೇಹದೊಳಗೆ ಬೆಳೆದು ರೋಗವಾದ ಬಗೆ. ಇವುಗಳ ನಡುವಿನ ಉಪಶಯವು ವಿಶೇಷವಾದದ್ದು. ಲಕ್ಷಣಗಳಿಂದ ರೋಗವು ಸ್ಪಷ್ಟವಾಗದಿದ್ದಾಗ ಯಾವುದೋ ಒಂದು ಔಷಧ, ಆಹಾರ ಅಥವಾ ವಿಹಾರವನ್ನು ಕೊಟ್ಟು ನೋಡಿ, ಅದರಿಂದ ಉಪಶಮನವಾಯಿತೇ ಇಲ್ಲವೇ ಎಂಬುದರ ಮೇಲೆ ರೋಗವನ್ನು ನಿರ್ಣಯಿಸುವುದೇ ಉಪಶಯ. ಇಲ್ಲಿ ಔಷಧವನ್ನು ಕೊಡುವುದು ಗುಣಪಡಿಸುವುದಕ್ಕಲ್ಲ, ತಿಳಿಯುವುದಕ್ಕೆ. ಮೋಟಾರಿನ ನಿದಾನದಲ್ಲಿಯೂ ಈ ಭೇದವು ಬಹು ಮುಖ್ಯ. ತಿಳಿಯಲೆಂದು ಮಾಡಿದ ಪ್ರಯೋಗವನ್ನೇ ಚಿಕಿತ್ಸೆಯೆಂದು ಭ್ರಮಿಸುವುದೇ ಹೆಚ್ಚಿನ ಗ್ಯಾರೇಜುಗಳ ತಪ್ಪು.

ಸಂಪ್ರಾಪ್ತಿ: ಒಂದೇ ಕ್ಷಣದ ಎರಡು ಪರೀಕ್ಷೆ

ಪೆಡಲನ್ನು ಒತ್ತಿದಾಗ ಎಂಜಿನಿನ ಒಳಗೆ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಪಿಸ್ಟನ್ನುಗಳು ಹೀರುವ ಗಾಳಿಯು ಕಾರ್ಬುರೇಟರಿನ ಇಕ್ಕಟ್ಟಾದ ಕಂಠದ ಮೂಲಕ ಹಾಯುತ್ತದೆ. ಅಲ್ಲಿ ಅದರ ವೇಗ ಹೆಚ್ಚಿ ಒತ್ತಡ ಕುಗ್ಗುವುದರಿಂದ ಜೆಟ್ಟಿನ ಸಣ್ಣ ರಂಧ್ರದೊಳಗಿಂದ ಪೆಟ್ರೋಲು ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಪೆಡಲನ್ನು ಒತ್ತುವುದೆಂದರೆ ಪೆಟ್ರೋಲನ್ನು ಹೆಚ್ಚಿಸುವುದೆಂದು ಅನೇಕರ ಭಾವನೆ. ವಾಸ್ತವವಾಗಿ ಪೆಡಲು ತೆರೆಯುವುದು ಗಾಳಿಯ ಬಾಗಿಲನ್ನು. ಹಗುರವಾದ ಗಾಳಿಯು ಒಡನೆಯೇ ನುಗ್ಗುತ್ತದೆ. ಭಾರವಾದ ಪೆಟ್ರೋಲು ಹಿಂದೆ ಬೀಳುತ್ತದೆ. ಅಷ್ಟೇ ಅಲ್ಲ. ಬಾಗಿಲು ತೆರೆದೊಡನೆ ಮ್ಯಾನಿಫೋಲ್ಡಿನ ಕೊಳವೆಯೊಳಗಣ ನಿರ್ವಾತವು ಕುಸಿಯುವುದರಿಂದ, ಆವಿಯಾಗಿ ಹೋಗುತ್ತಿದ್ದ ಪೆಟ್ರೋಲಿನ ಒಂದಂಶವು ಕೊಳವೆಯ ಗೋಡೆಗೆ ಹನಿಗಟ್ಟಿ ಅಂಟಿಕೊಳ್ಳುತ್ತದೆ. ಹೀಗಾಗಿ ಸಿಲಿಂಡರಿಗೆ ಹೆಚ್ಚು ಬಲ ಬೇಕಾದ ಕ್ಷಣದಲ್ಲಿಯೇ ಅದಕ್ಕೆ ತೆಳುವಾದ ಮಿಶ್ರಣ ದೊರೆಯುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಕಾರ್ಬುರೇಟರಿನಲ್ಲಿ ಒಂದು ಚಿಕ್ಕ ಆಕ್ಸಿಲರೇಟರ್ ಪಂಪು ಇರುತ್ತದೆ. ಪೆಡಲು ಸರಿದೊಡನೆ ಅದು ಒಂದು ಗುಟುಕು ಪೆಟ್ರೋಲನ್ನು ನೇರವಾಗಿ ಕಂಠದೊಳಗೆ ಚಿಮ್ಮಿಸುತ್ತದೆ.

ಇದು ಒಂದು ಪರೀಕ್ಷೆ. ಅದೇ ಕ್ಷಣದಲ್ಲಿ ಎರಡನೆಯದೊಂದು ನಡೆಯುತ್ತದೆ. ಬಾಗಿಲು ತೆರೆದಾಗ ಸಿಲಿಂಡರು ಹೆಚ್ಚು ತುಂಬುತ್ತದೆ. ಸಂಪೀಡನದ ಕೊನೆಗೆ ಅಲ್ಲಿನ ಒತ್ತಡವೂ ಹೆಚ್ಚುತ್ತದೆ. ದಟ್ಟವಾದ ಅನಿಲದಲ್ಲಿ ಕಿಡಿ ಹಾರಬೇಕಾದರೆ ಹೆಚ್ಚಿನ ವೋಲ್ಟೇಜು ಬೇಕು. ಮಿಶ್ರಣವು ತೆಳುವಾಗಿದ್ದರೆ ಇನ್ನೂ ಹೆಚ್ಚು. ನಿಂತಲ್ಲಿ ಓಡುವಾಗ ಸಾಕಾಗುತ್ತಿದ್ದ ದುರ್ಬಲವಾದ ಕಿಡಿಯು ಈ ಕ್ಷಣದಲ್ಲಿ ಸೋಲುತ್ತದೆ. ಮನೆಯ ಮುಂದೆ ನಿಂತು ಉಸಿರಾಡುವುದಕ್ಕೆ ತೊಂದರೆಯಿಲ್ಲದ ಹೃದ್ರೋಗಿಯು ಮೆಟ್ಟಿಲು ಹತ್ತುವಾಗ ಏದುವುದಿಲ್ಲವೇ? ಅದೇ ನ್ಯಾಯ.

ಇಂಧನ, ಕಿಡಿ ಎರಡಕ್ಕೂ ಕಠಿನ ಪರೀಕ್ಷೆಯು ಒಂದೇ ಕ್ಷಣದಲ್ಲಿ ಒದಗುವುದರಿಂದಲೇ ಯಾವುದರ ದೋಷವಾದರೂ ಹೊರಗೆ ಒಂದೇ ಬಗೆಯಾಗಿ ಕಾಣಿಸುತ್ತದೆ. ತಡವರಿಕೆಯು ಸ್ಥಿತಿಯ ರೋಗವಲ್ಲ, ಸ್ಥಿತ್ಯಂತರದ ರೋಗ. ನಿಂತ ಬಂಡಿಯ ಬಾನೆಟ್ಟನ್ನು ಎತ್ತಿ, ಶಾಂತವಾಗಿ ಓಡುವ ಎಂಜಿನಿಗೆ ಕಿವಿಗೊಟ್ಟು ‘ಎಲ್ಲವೂ ಸರಿಯಾಗಿದೆ’ ಎಂದು ಹೇಳುವವನು ರೋಗಿಯನ್ನು ನಿದ್ದೆಯಲ್ಲಿ ಪರೀಕ್ಷಿಸಿದ ವೈದ್ಯನಂತೆ.

ರೂಪ: ಪ್ರಶ್ನೆಗಳ ಮೂಲಕ ವಿಚಾರಣೆ

ಯಾವ ಭಾಗವನ್ನೂ ಬಿಚ್ಚುವುದಕ್ಕೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದಿಡುವುದು ಉತ್ತಮ.

ಮೊದಲನೆಯದಾಗಿ, ತಡವರಿಕೆ ಯಾವಾಗ? ಪೆಡಲನ್ನು ಥಟ್ಟನೆ ಒತ್ತಿದಾಗ ಮಾತ್ರ ತಡವರಿಸಿ, ಮೆಲ್ಲನೆ ಒತ್ತಿದರೆ ಸರಿಯಾಗಿ ಏರುವುದಾದರೆ ಆಕ್ಸಿಲರೇಟರ್ ಪಂಪಿನ ಮೇಲೆ ಶಂಕೆ. ಮೆಲ್ಲನೆ ಒತ್ತಿದರೂ ಆರಂಭದಲ್ಲಿಯೇ ಎಡವುವುದಾದರೆ ಐಡ್ಲಿಂಗ್ ಜೆಟ್ಟು ಮತ್ತು ಅದರ ಸಮೀಪದ ಸಣ್ಣ ರಂಧ್ರಗಳಲ್ಲಿ ಕೊಳೆ ಸೇರಿರಬಹುದು. ಎಲ್ಲಿಯೋ ಗಾಳಿ ಸೋರುತ್ತಿರಲೂಬಹುದು. ಆರಂಭ ಸರಿಯಾಗಿದ್ದು, ವೇಗದಲ್ಲಿ ಬಹು ದೂರ ಓಡಿಸಿದಾಗ ಬಲಗುಂದುವುದಾದರೆ ಮುಖ್ಯ ಜೆಟ್ಟು, ಫಿಲ್ಟರು ಅಥವಾ ಪೆಟ್ರೋಲು ಪಂಪು. ಏರಿನಲ್ಲಿ ಮಾತ್ರ ಕಾಣಿಸಿಕೊಂಡರೆ ಕಿಡಿಯನ್ನು ಮೊದಲು ಶಂಕಿಸಬೇಕು.

ಎರಡನೆಯದಾಗಿ, ತಡವರಿಕೆಯ ರೀತಿ ಯಾವುದು? ವಿದ್ಯುತ್ತಿನ ದೋಷವು ಸ್ವಿಚ್ಚನ್ನು ಆರಿಸಿ ಹೊತ್ತಿಸಿದಂತೆ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಇಂಧನದ ದೋಷವು ದೀಪದಲ್ಲಿ ಎಣ್ಣೆ ತೀರಿದಂತೆ ಮೆಲ್ಲನೆ ಕುಂದುತ್ತದೆ. ಕಾರ್ಬುರೇಟರಿನ ಬಾಯಿಂದ ಹಿಂದಕ್ಕೆ ‘ಫಟ್’ ಎಂದು ಉಗುಳಿದರೆ ಸಾಮಾನ್ಯವಾಗಿ ಮಿಶ್ರಣ ತೆಳುವಾಗಿದೆ. ಹಿಂಬದಿಯ ಸೈಲೆನ್ಸರಿನಲ್ಲಿ ಸಿಡಿದರೆ ಸಿಲಿಂಡರಿನಲ್ಲಿ ಉರಿಯದ ಮಿಶ್ರಣವು ಹೊರಗೆ ಹೋಗಿ ಉರಿದಿದೆ, ಅಂದರೆ ಕಿಡಿ ತಪ್ಪಿದೆ. ಕಪ್ಪು ಹೊಗೆ ಬಂದರೆ ಮಿಶ್ರಣವು ದಟ್ಟವಾಗಿದೆ. ಚೋಕು ಪೂರ್ತಿ ಹಿಂದೆ ಸರಿಯದೆ ನಿಂತಿರಬಹುದು, ಇಲ್ಲವೆ ಫ್ಲೋಟಿನ ಸೂಜಿಯು ಮುಚ್ಚಿಕೊಳ್ಳದೆ ಪೆಟ್ರೋಲು ಉಕ್ಕುತ್ತಿರಬಹುದು.

ಮೂರನೆಯದಾಗಿ, ಕಾಲ ಮತ್ತು ಹವೆ. ತಣ್ಣಗಿರುವಾಗ ಹೆಚ್ಚೇ, ಕಾದ ಮೇಲೆ ಹೆಚ್ಚೇ? ಮಳೆಗಾಲದ ಮುಂಜಾನೆ ತಡವರಿಸಿ ಬಿಸಿಲೇರಿದ ಮೇಲೆ ಸರಿಹೋದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ, ತಂತಿಗಳಲ್ಲಿ ತೇವವಿದೆ. ಮೇ ತಿಂಗಳಲ್ಲಿ ಸಿಗ್ನಲಿನ ಬಳಿ ಹತ್ತು ನಿಮಿಷ ನಿಂತ ಮೇಲೆ ತಡವರಿಸಿದರೆ ಕೊಳವೆಯಲ್ಲಿಯೇ ಪೆಟ್ರೋಲು ಕುದಿದು ಆವಿಯ ಗುಳ್ಳೆಯು ದಾರಿಯನ್ನು ತಡೆದಿದೆ. ಟ್ಯಾಕ್ಸಿಯವರು ಪಂಪಿನ ಮೇಲೆ ಒದ್ದೆಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. ಪ್ರತಿಸಲವೂ ಕೆಲವು ಮೈಲಿ ಓಡಿದ ಮೇಲೆಯೇ ಬಲಗುಂದಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಚೇತರಿಸಿಕೊಳ್ಳುವುದಾದರೆ ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಬೇಕು. ‘ಸುಯ್’ ಎಂದು ಗಾಳಿಯನ್ನು ಒಳಗೆಳೆದುಕೊಂಡರೆ ಮುಚ್ಚಳದ ಉಸಿರುರಂಧ್ರವು ಮುಚ್ಚಿಹೋಗಿದೆ. ಒಂದು ಸೂಜಿಯಿಂದ ಅದನ್ನು ಬಿಡಿಸಿದರೆ ಸಾಕು.

ಮೊದಲು ಕಿಡಿ

ಪ್ರಶ್ನೆಗಳ ಬಳಿಕ ಪರೀಕ್ಷೆ. ಅನುಭವಿಗಳಾದ ಮಿಸ್ತ್ರಿಗಳು ಕಾರ್ಬುರೇಟರಿಗೆ ಕೈ ಹಾಕುವ ಮುಂಚೆ ಕಿಡಿಯ ವಿಭಾಗವನ್ನು ಸರಿಪಡಿಸುತ್ತಾರೆ. ಇದಕ್ಕೆ ಎರಡು ಕಾರಣಗಳುಂಟು. ಕಿಡಿಯ ಭಾಗಗಳು ಸವೆಯುವುದು ಬೇಗ, ಪರೀಕ್ಷಿಸುವುದು ಸುಲಭ. ಮೇಲಾಗಿ, ಕಿಡಿಯು ಸರಿಯಿಲ್ಲದಿರುವಾಗ ಕಾರ್ಬುರೇಟರನ್ನು ತಿರುಗಿಸಿದರೆ ಒಂದು ದೋಷವು ಎರಡಾಗುತ್ತದೆ.

ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಿಗೆ ಒಟ್ಟು 6000 ಕಿಡಿಗಳು ಬೇಕು. ಅಂದರೆ ಸೆಕೆಂಡಿಗೆ 100. ಅಷ್ಟೂ ಸಲ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ತೆರೆದು ಮುಚ್ಚಬೇಕು. ಅವು ತೆರೆದ ಗಳಿಗೆಯಲ್ಲಿ ಬ್ಯಾಟರಿಯ 12 ವೋಲ್ಟು ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳಾಗಿ ಏರಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಪಾಯಿಂಟುಗಳ ನಡುವಣ ಅಂತರವು ಸುಮಾರು 0.4 ಮಿಲಿಮೀಟರು; ಆಯಾ ಡಿಸ್ಟ್ರಿಬ್ಯೂಟರಿಗೆ ತಯಾರಕರು ಹೇಳಿದ ಅಳತೆಯೇ ಪ್ರಮಾಣ. ಪಾಯಿಂಟನ್ನು ತೆರೆಯುವ ಚಿಕ್ಕ ಫೈಬರಿನ ಹಿಮ್ಮಡಿಯು ಸವೆದಂತೆ ಅಂತರವು ಕುಗ್ಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ತಡವಾದ ಕಿಡಿಯೆಂದರೆ ಆಲಸಿಯಾದ ಎಂಜಿನು.

ಪಾಯಿಂಟುಗಳ ಮೈ ಕರಿದಾಗಿ ಗುಳಿಬಿದ್ದಿದ್ದರೆ, ಎಂಜಿನು ಓಡುವಾಗ ಅವುಗಳ ನಡುವೆ ದೊಡ್ಡ ಕಿಡಿಗಳು ಹಾರುತ್ತಿದ್ದರೆ ಕಂಡೆನ್ಸರು ಕೆಟ್ಟಿದೆಯೆಂದು ತಿಳಿಯಬೇಕು. ಕತ್ತಲೆಯಲ್ಲಿ ಬಾನೆಟ್ಟನ್ನು ತೆರೆದು ನೋಡಿದರೆ ಸೀಳುಬಿಟ್ಟ ತಂತಿಗಳಿಂದ ನೀಲಿ ಮಿಂಚು ಹೊರಗೆ ಸೋರುವುದು ಕಾಣುತ್ತದೆ. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನ ಗೀರಿನಂಥ ಕರಿಯ ಗೆರೆಯಿದ್ದರೆ ವಿದ್ಯುತ್ತು ಆ ದಾರಿಯಾಗಿ ತಪ್ಪಿಸಿಕೊಳ್ಳುತ್ತಿದೆ. ಅಂಥ ಮುಚ್ಚಳವನ್ನು ಒರೆಸಿ ಪ್ರಯೋಜನವಿಲ್ಲ, ಬದಲಿಸಬೇಕು.

ಪ್ಲಗ್ಗುಗಳು ಎಂಜಿನಿನ ನಾಲಿಗೆಯಿದ್ದಂತೆ. ತಿಳಿಗಂದು ಬಣ್ಣವು ಆರೋಗ್ಯದ ಗುರುತು. ಸುಣ್ಣದಂಥ ಬಿಳುಪು ತೆಳು ಮಿಶ್ರಣದ್ದು. ಒಣಗಿದ ಕಾಡಿಗೆಯ ಕಪ್ಪು ದಟ್ಟ ಮಿಶ್ರಣದ್ದು. ಜಿಡ್ಡಿನ ಕಪ್ಪು ಸವೆದ ರಿಂಗುಗಳದ್ದು. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಮನೆಮಾತಾಗಿದ್ದ ‘ಮೈಕೋ’ ಪ್ಲಗ್ಗುಗಳು ಬೆಂಗಳೂರಿನವು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾಯಿಸಿಕೊಂಡಿತಾದರೂ ಹಳೆಯ ಮಿಸ್ತ್ರಿಗಳ ಬಾಯಲ್ಲಿ ಅದು ಇನ್ನೂ ಮೈಕೋ.

ಇಲ್ಲಿ ಬಹುಜನರ ಕಣ್ಣಿಗೆ ತಪ್ಪುವ ಒಂದು ದೋಷವನ್ನು ವಿಶೇಷವಾಗಿ ಹೇಳಬೇಕು. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡಿಸ್ಟ್ರಿಬ್ಯೂಟರುಗಳಲ್ಲಿ, ಪೆಡಲಿನ ಚಲನೆಗೆ ಅನುಸಾರವಾಗಿ ಪಾಯಿಂಟುಗಳ ತಟ್ಟೆಯೇ ಹಿಂದೆಮುಂದೆ ಸರಿಯುತ್ತದೆ. ಆ ತಟ್ಟೆಗೆ ವಿದ್ಯುತ್ತನ್ನು ಒಯ್ಯುವ ಪುಟ್ಟ ತಂತಿಯು ವರ್ಷಗಟ್ಟಲೆ ಬಾಗಿ ಬಾಗಿ, ಹೊರಗಿನ ಹೊದಿಕೆ ಸರಿಯಾಗಿದ್ದರೂ, ಒಳಗಿನ ಎಳೆಗಳು ಕಡಿದಿರುತ್ತವೆ. ತಟ್ಟೆ ನಿಶ್ಚಲವಾಗಿರುವಾಗ ಎಳೆಗಳು ಕೂಡಿಕೊಂಡು ಎಂಜಿನು ಸರಿಯಾಗಿ ಓಡುತ್ತದೆ. ಪೆಡಲು ಒತ್ತಿ ತಟ್ಟೆ ಸರಿದ ಕ್ಷಣದಲ್ಲಿ ಎಳೆಗಳು ಅಗಲಿ ಕಿಡಿ ನಿಲ್ಲುತ್ತದೆ. ನೋಡುವವರಿಗೆ ಇದು ಕಾರ್ಬುರೇಟರಿನ ದೋಷವೇ ಎಂಬಂತೆ ತೋರುತ್ತದೆ! ಮುಚ್ಚಳವನ್ನು ತೆಗೆದು, ತಟ್ಟೆಯನ್ನು ಬೆರಳಿನಿಂದ ಸರಿಸುತ್ತ, ಮೀಟರಿನಿಂದ ಆ ತಂತಿಯನ್ನು ಪರೀಕ್ಷಿಸಿದರೆ ಗುಟ್ಟು ಹೊರಬೀಳುತ್ತದೆ. ಒಂದು ಗೇಣು ತಂತಿಯಿಂದ ವಾಸಿಯಾಗುವ ಈ ರೋಗಕ್ಕೆ ಹೊಸ ಕಾರ್ಬುರೇಟರನ್ನು ಕೊಂಡವರು ಎಷ್ಟೋ ಮಂದಿ.

ಬಳಿಕ ಇಂಧನ

ಕಿಡಿಯು ನಿರ್ದೋಷಿಯೆಂದು ಸಿದ್ಧವಾದ ಮೇಲೆ ಇಂಧನದ ಸರದಿ. ಎಂಜಿನನ್ನು ನಿಲ್ಲಿಸಿ, ಗಾಳಿಯ ಫಿಲ್ಟರನ್ನು ತೆಗೆದು, ಕಾರ್ಬುರೇಟರಿನ ಕಂಠದೊಳಗೆ ಮೇಲಿನಿಂದ ನೋಡುತ್ತ ಥ್ರಾಟಲಿನ ಸರಳನ್ನು ಕೈಯಿಂದ ಒತ್ತಬೇಕು. ಆಕ್ಸಿಲರೇಟರ್ ಪಂಪಿನ ಸಣ್ಣ ಕೊಳವೆಯಿಂದ ಪೆಟ್ರೋಲಿನ ನೇರವಾದ ಧಾರೆಯು ಒಡನೆಯೇ ಚಿಮ್ಮಬೇಕು. ಧಾರೆಯು ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಬಾರದೆಯೇ ಹೋದರೆ ಪಂಪಿನ ಪೊರೆಯು ಹರಿದಿದೆ ಅಥವಾ ಗಡುಸಾಗಿದೆ, ಇಲ್ಲವೆ ಅದರ ರಂಧ್ರದಲ್ಲಿ ಕಸವಿದೆ. ಒಂದು ನಿಮಿಷದ ಈ ನೋಟವು ಒಂದು ದಿನದ ಊಹಾಪೋಹವನ್ನು ಉಳಿಸುತ್ತದೆ.

ಪೆಟ್ರೋಲು ಕಾರ್ಬುರೇಟರಿನವರೆಗೆ ಬೇಕಾದಷ್ಟು ಬರುತ್ತಿದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು. ಪದ್ಮಿನಿಯ ಟ್ಯಾಂಕು ಹಿಂಬದಿಯಲ್ಲಿ, ಪಂಪು ಎಂಜಿನಿನ ಪಕ್ಕದಲ್ಲಿ. ಕಾಯಿಲಿನ ತಂತಿಯನ್ನು ಕಳಚಿ ಎಂಜಿನು ಹೊತ್ತಿಕೊಳ್ಳದಂತೆ ಮಾಡಿ, ಕಾರ್ಬುರೇಟರಿನ ಕೊಳವೆಯನ್ನು ಒಂದು ಸೀಸೆಗೆ ಬಿಟ್ಟು ಸ್ಟಾರ್ಟರನ್ನು ತಿರುಗಿಸಿದರೆ, ನಾಡಿಯಂತೆ ತಪ್ಪದೆ ಬಲವಾಗಿ ಪೆಟ್ರೋಲು ಬೀಳಬೇಕು. ಬೆಂಕಿಯ ಭಯವುಳ್ಳ ಕೆಲಸವಾದ್ದರಿಂದ ಬಯಲಿನಲ್ಲಿ, ತಣ್ಣಗಾದ ಎಂಜಿನಿನ ಮೇಲೆ ಮಾತ್ರ ಇದನ್ನು ಮಾಡತಕ್ಕದ್ದು. ಧಾರೆಯಲ್ಲಿ ಗುಳ್ಳೆಗಳಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲಿಯೋ ಬಿರುಕಿದೆ. ಸೀಸೆಯ ತಳದಲ್ಲಿ ಕೆಂಪು ಪುಡಿ ನಿಂತರೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದೆ. ಆಗ ಜೆಟ್ಟನ್ನು ಎಷ್ಟು ಸಲ ಊದಿದರೂ ವಾರದೊಳಗೆ ಮತ್ತೆ ಅದೇ ಕಥೆ.

ಉಪಶಯದ ಸ್ಥಾನ ಇಲ್ಲಿದೆ. ಎಂಜಿನು ಕಾದಿರುವಾಗ, ವಾಹನಸಂಚಾರವಿಲ್ಲದ ರಸ್ತೆಯಲ್ಲಿ, ಚೋಕಿನ ಗುಂಡಿಯನ್ನು ಸ್ವಲ್ಪವೇ ಎಳೆದು ಓಡಿಸಿ ನೋಡಬೇಕು. ತಡವರಿಕೆ ಕಡಿಮೆಯಾದರೆ ಮಿಶ್ರಣವು ತೆಳುವಾಗಿತ್ತೆಂದು ಸಿದ್ಧವಾಯಿತು. ಹೆಚ್ಚಾದರೆ ಅದು ಮೊದಲೇ ದಟ್ಟವಾಗಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಮತ್ತೆ ಕಿಡಿಯ ಕಡೆಗೆ ತಿರುಗಬೇಕು. ಆದರೆ ಚೋಕಿನಿಂದ ಸುಖವಾಯಿತೆಂದು ಅದನ್ನು ಎಳೆದುಕೊಂಡೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನನ್ನೇ ಸವೆಸುತ್ತದೆ. ತಿಳಿಯಲೆಂದು ಕೊಟ್ಟ ಔಷಧವನ್ನು ಆಹಾರವಾಗಿ ತಿಂದಂತೆ ಇದು.

ಮಿಶ್ರಣವು ತೆಳುವಾಗಿದ್ದು, ಪೆಟ್ರೋಲಿನ ಹಾದಿಯೆಲ್ಲ ಸರಿಯಾಗಿದ್ದರೆ, ಕರೆಯದೆ ಬರುವ ಗಾಳಿಯನ್ನು ಹುಡುಕಬೇಕು. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಸಂದುಗಳು, ಸವೆದ ಥ್ರಾಟಲ್ ದಂಡದ ಪಕ್ಕ, ಇವು ಸಾಮಾನ್ಯವಾದ ಸ್ಥಳಗಳು. ಐಡ್ಲಿಂಗಿನಲ್ಲಿ ಓಡುವಾಗ ಒಂದೊಂದು ಸಂದಿನ ಮೇಲೂ ಸ್ವಲ್ಪ ಸಾಬೂನು ನೀರನ್ನು ಸಿಂಪಡಿಸಿದರೆ, ಸೋರಿಕೆಯಿರುವಲ್ಲಿ ಎಂಜಿನಿನ ದನಿಯು ಬದಲಾಗುತ್ತದೆ. ಇಲ್ಲಿಯೂ ಕಾರಣ ಸಿಗದಿದ್ದರೆ ವಾಲ್ವುಗಳ ಸಡಿಲವನ್ನೂ ಸಿಲಿಂಡರುಗಳ ಸಂಪೀಡನವನ್ನೂ ಅಳೆಯಬೇಕಾಗುತ್ತದೆ.

ಇಂದಿನ ಪೆಟ್ರೋಲು

ಹಿಂದಿನ ಮಿಸ್ತ್ರಿಗಳಿಗೆ ಗೊತ್ತಿರದಿದ್ದ ಒಂದು ಹೊಸ ಕಾರಣವು ಈಚೆಗೆ ಸೇರಿಕೊಂಡಿದೆ. ಭಾರತದಲ್ಲಿ ಪೆಟ್ರೋಲಿಗೆ ಎಥನಾಲನ್ನು ಬೆರೆಸುವ ಪ್ರಮಾಣವು ವರ್ಷದಿಂದ ವರ್ಷಕ್ಕೆ ಏರಿ 2025ರಲ್ಲಿ ಶೇಕಡ 20ನ್ನು ಮುಟ್ಟಿತು. ಇದರ ಆರ್ಥಿಕ, ರಾಷ್ಟ್ರೀಯ ಪ್ರಯೋಜನಗಳ ವಿಚಾರವು ಬೇರೆ. ಹಳೆಯ ಕಾರ್ಬುರೇಟರಿನ ಮೇಲೆ ಅದರ ಪರಿಣಾಮವನ್ನು ಮಾತ್ರ ಇಲ್ಲಿ ನೋಡಬೇಕಾಗಿದೆ. ಒಂದು ಕಿಲೋಗ್ರಾಮು ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಮು ಗಾಳಿ ಬೇಕು. ಎಥನಾಲಿಗೆ 9 ಸಾಕು. ಶೇಕಡ 20ರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಬರುತ್ತದೆ. ಹೊಸ ಬಂಡಿಗಳ ಗಣಕವು ಇದನ್ನು ಅರಿತು ಇಂಧನವನ್ನು ತಾನೇ ಹೆಚ್ಚಿಸುತ್ತದೆ. ಪದ್ಮಿನಿಯ ಜೆಟ್ಟು ಹಿತ್ತಾಳೆಯ ತುಂಡಿನಲ್ಲಿ ಕೊರೆದ ಒಂದು ರಂಧ್ರ, ಅದಕ್ಕೆ ಅರಿವಿಲ್ಲ. ಆದ್ದರಿಂದ ಹಿಂದೆ ಸರಿಯಾಗಿ ಹೊಂದಿಸಿದ್ದ ಎಂಜಿನಿಗೂ ಇಂದು ಶೇಕಡ 8ರಷ್ಟು ತೆಳುವಾದ ಮಿಶ್ರಣ ದೊರೆಯುತ್ತದೆ. ಅಂಚಿನಲ್ಲಿದ್ದ ಎಂಜಿನು ಇದರಿಂದ ತಡವರಿಕೆಗೆ ಬೀಳುತ್ತದೆ.

ಎಥನಾಲು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಗಿಲಾದ ಶಾಖವನ್ನು ಹೀರುವುದರಿಂದ ತಣ್ಣಗಿರುವ ಎಂಜಿನು ಇನ್ನಷ್ಟು ಹಿಂಜರಿಯುತ್ತದೆ. ಹಳೆಯ ರಬ್ಬರಿನ ಕೊಳವೆ, ಪೊರೆಗಳು ಅದರಿಂದ ಉಬ್ಬಿ ಮೆದುವಾಗುತ್ತವೆ ಅಥವಾ ಒಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು. ನೀರಿನ ಅಂಶವು ಮಿತಿಮೀರಿದಾಗ ಎಥನಾಲು ನೀರಿನೊಡನೆ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹೀರುವ ಕೊಳವೆಯ ಬಾಯಿರುವುದೂ ಅಲ್ಲಿಯೇ. ಇದಕ್ಕೆ ಪರಿಹಾರವು ಕಷ್ಟದ್ದಲ್ಲ. ಎಥನಾಲನ್ನು ತಾಳುವ ಕೊಳವೆ ಮತ್ತು ಪೊರೆಗಳನ್ನು ಹಾಕಿಸುವುದು, ಪ್ಲಗ್ಗಿನ ಬಣ್ಣವನ್ನು ನೋಡಿ ಒಂದು ಮೆಟ್ಟಿಲು ದೊಡ್ಡದಾದ ಜೆಟ್ಟನ್ನು ಇಡುವುದು, ತಿಂಗಳುಗಟ್ಟಲೆ ಪೆಟ್ರೋಲನ್ನು ಟ್ಯಾಂಕಿನಲ್ಲಿ ಕೊಳೆಯಗೊಡದೆ ಬಂಡಿಯನ್ನು ಆಗಾಗ ಓಡಿಸುವುದು. ಕೊನೆಯದು ಎಲ್ಲಕ್ಕಿಂತ ಅಗ್ಗವಾದ ಔಷಧ.

ಒಂದು ಉದಾಹರಣೆ

ಮೇಲಿನ ಕ್ರಮವು ಹೇಗೆ ನಡೆಯುತ್ತದೆಂಬುದಕ್ಕೆ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮಳೆಗಾಲವೆಲ್ಲ ನಿಂತಿದ್ದ ಪದ್ಮಿನಿಯೊಂದನ್ನು ದಸರೆಯ ಪೂಜೆ ಮುಗಿಸಿ ಅದರ ಒಡೆಯರು ಪುಣೆಗೆ ಹೊರಡಿಸುತ್ತಾರೆ. ಪನವೇಲಿನವರೆಗೆ ತೊಂದರೆಯಿಲ್ಲ. ಹಳೆಯ ಹೆದ್ದಾರಿಯಲ್ಲಿ ಬೋರ್ ಘಾಟಿನ ಏರು ಬಂದೊಡನೆ ಎಂಜಿನು ತಡವರಿಸುತ್ತದೆ. ಖೋಪೋಲಿಯ ಗ್ಯಾರೇಜಿನವನು ಕಾರ್ಬುರೇಟರು ಕೆಟ್ಟಿದೆಯೆನ್ನುತ್ತಾನೆ.

ಒಡೆಯರು ಅವಸರಪಡದೆ ವಿಚಾರಿಸುತ್ತಾರೆ. ತಡವರಿಕೆಯು ಥಟ್ಟನೆ ಬರುವುದೇ, ಮೆಲ್ಲನೆಯೇ? ಮೆಲ್ಲನೆ. ಹಾಗಾದರೆ ಕಿಡಿಗಿಂತ ಇಂಧನದ ಕಡೆಗೆ ಒಲವು. ಆದರೂ ಕ್ರಮವನ್ನು ಬಿಡದೆ ಪ್ಲಗ್ಗು, ಪಾಯಿಂಟುಗಳನ್ನು ನೋಡಿದರೆ ಅವು ಸರಿಯಾಗಿವೆ. ಪ್ಲಗ್ಗಿನ ಬಣ್ಣ ಮಾತ್ರ ಬಿಳುಪು. ಚೋಕನ್ನು ಸ್ವಲ್ಪ ಎಳೆದರೆ ಸುಧಾರಣೆ ಕಾಣುತ್ತದೆ. ಮಿಶ್ರಣವು ತೆಳು ಎಂಬುದು ನಿಶ್ಚಯವಾಯಿತು. ಆಕ್ಸಿಲರೇಟರ್ ಪಂಪಿನ ಧಾರೆ ನೇರವಾಗಿದೆ. ಸೀಸೆಯ ಪರೀಕ್ಷೆಯಲ್ಲಿ ಮಾತ್ರ ಪೆಟ್ರೋಲು ಕುಂಟುತ್ತ ಬೀಳುತ್ತದೆ. ಸೀಸೆಯ ತಳದಲ್ಲಿ ತಿಳಿನೀರಿನಂಥ ಒಂದು ಪದರ, ಅದರ ಅಡಿಯಲ್ಲಿ ಕೆಂಪು ಪುಡಿ. ನಿದಾನವು ಪೂರ್ಣವಾಯಿತು. ಮಳೆಗಾಲದ ತೇವವನ್ನು ಎಥನಾಲು ಎಳೆದುಕೊಂಡು ತಳಕ್ಕಿಳಿದಿದೆ. ಆ ನೀರಿನಿಂದ ಟ್ಯಾಂಕು ತುಕ್ಕು ಹಿಡಿದಿದೆ. ತುಕ್ಕು ಫಿಲ್ಟರನ್ನು ತುಂಬಿದೆ. ಸಮತಟ್ಟಾದ ರಸ್ತೆಯಲ್ಲಿ ಸಾಕಾಗುತ್ತಿದ್ದ ಪೆಟ್ರೋಲು ಏರಿನಲ್ಲಿ ಸಾಲದೆ ಬಂದಿದೆ. ಬೇಕಾದದ್ದು ಟ್ಯಾಂಕಿನ ಶುದ್ಧಿ, ಒಂದು ಫಿಲ್ಟರು ಮತ್ತು ಹೊಸ ಪೆಟ್ರೋಲು. ಕಾರ್ಬುರೇಟರು ನಿರಪರಾಧಿ.

ಈ ಪ್ರಸಂಗದಲ್ಲಿ ಒಡೆಯರು ಅನುಸರಿಸಿದ ನಿಯಮಗಳು ಮೂರೇ: ಬಿಚ್ಚುವ ಮುಂಚೆ ವಿಚಾರಿಸುವುದು, ಕಿಡಿಯಿಂದ ಮೊದಲುಮಾಡಿ ಇಂಧನಕ್ಕೆ ಬರುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು. ಮೂರನೆಯದೇ ಎಲ್ಲಕ್ಕಿಂತ ಕಠಿನ, ಏಕೆಂದರೆ ಅದು ಅವಸರಕ್ಕೆ ವಿರುದ್ಧವಾದದ್ದು. ನಾಲ್ಕು ಭಾಗಗಳನ್ನು ಒಮ್ಮೆಗೇ ಬದಲಿಸಿದಾಗ ಬಂಡಿ ಸರಿಹೋದರೂ ರೋಗವು ಯಾವುದೆಂದು ತಿಳಿಯುವುದಿಲ್ಲ. ಅದು ಮರಳಿ ಬಂದಾಗ ಹಿಂದಿನ ಚಿಕಿತ್ಸೆಯಿಂದ ಕಲಿತದ್ದು ಏನೂ ಇರುವುದಿಲ್ಲ.

ಟ್ಯಾಕ್ಸಿಗಳು ಓಡುತ್ತಿದ್ದ ಕಾಲದಲ್ಲಿ ಈ ತಿಳಿವಳಿಕೆಯು ಮುಂಬಯಿಯ ಬೀದಿಬದಿಯಲ್ಲಿಯೇ ಇತ್ತು. ಮಿಸ್ತ್ರಿಯು ಎಂಜಿನಿನ ದನಿಯನ್ನು ಕೇಳಿಯೇ ದೋಷವನ್ನು ಹೇಳುತ್ತಿದ್ದನು. ಹುಡುಗರು ಅವನ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದರು. ಆ ವಿದ್ಯೆಯು ಹೆಚ್ಚಾಗಿ ಬರವಣಿಗೆಗೆ ಇಳಿಯಲಿಲ್ಲ. ಬಂಡಿಗಳು ಕಡಿಮೆಯಾದಂತೆ ಅದನ್ನು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಹಳೆಯ ಮೋಟಾರನ್ನು ಉಳಿಸಿಕೊಳ್ಳಬೇಕೆಂಬವರು ಅದರ ಲೋಹದ ಜೊತೆಗೆ ಈ ವಿದ್ಯೆಯನ್ನೂ ಉಳಿಸಿಕೊಳ್ಳಬೇಕಾಗುತ್ತದೆ. ಬಂಡಿಯ ಪೆಟ್ಟಿಗೆಯಲ್ಲಿ ಸ್ಪಾನರಿನೊಡನೆ ಒಂದು ನೋಟ್‌ಬುಕ್ಕನ್ನೂ ಇಟ್ಟು, ಎಂದು ಯಾವ ಲಕ್ಷಣ ಕಂಡಿತು, ಯಾವ ಪರೀಕ್ಷೆಗೆ ಯಾವ ಉತ್ತರ ಬಂದಿತು, ಯಾವುದರಿಂದ ಗುಣವಾಯಿತು ಎಂಬುದನ್ನು ದಿನಾಂಕದೊಡನೆ ಬರೆದಿಟ್ಟರೆ, ಬಂಡಿಯು ಮುಂದೆ ಯಾರ ಕೈಸೇರಿದರೂ ಅವರಿಗೆ ಅದರ ಸ್ವಭಾವವು ತಿಳಿದಿರುತ್ತದೆ.